ಬಿ ಸೈಡಿನ ಪಿಯಾನೋದವನು

ಒಂದು ಹಾಡಿನ ಸಲುವಾಗಿ ನಾನು ನನ್ನ ಅಣ್ಣನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದೆ. ಆಸ್ತಿಯ ಜಗಳವಲ್ಲ, ಮನೆತನದ ಮಾತೂ ಅಲ್ಲ. ಅಮೆರಿಕದ ಯಾರೋ ಒಬ್ಬ, ನಾವಿಬ್ಬರೂ ಹುಟ್ಟುವ ಮೊದಲೇ, ಪಿಯಾನೋ ಬಾರಿಸುತ್ತ ಹಾಡಿದ ಹಾಡು ಅದು. ಕೇಳಿದವರು ನಗುತ್ತಾರೆ, ನಗಲಿ. ಆ ಎರಡು ವರ್ಷದಲ್ಲಿ ಅಣ್ಣನ ಕಿಡ್ನಿ ಕೆಟ್ಟಿತು, ಆಳಂದದ ಮನೆಯಲ್ಲಿ ಅವನು ಹಾಸಿಗೆ ಹಿಡಿದ. ನಾನು ಜೇವರ್ಗಿಯಲ್ಲಿ ಕುಳಿತು, ತಪ್ಪು ಅವನದು, ಅವನೇ ಬಾಯಿ ಬಿಟ್ಟು ಒಪ್ಪಿಕೊಳ್ಳಲಿ ಎಂದು ಕಾದೆ. ತಪ್ಪು ಯಾರದಿತ್ತು ಎನ್ನುವುದು ಈಗ ಗೊತ್ತಾಗಿದೆ. ಅದನ್ನು ಹೇಳಿಕೊಳ್ಳದೆ ನನಗೆ ಊಟ ಸೇರುವುದಿಲ್ಲ.

ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ಆಳಂದದ ಬಸ್‌ಸ್ಟ್ಯಾಂಡಿನ ಹತ್ತಿರ ಅವನದೊಂದು ಕ್ಯಾಸೆಟ್ ಅಂಗಡಿ ಇತ್ತು. ಮದುವೆಯ ದಿನಗಳು ಬಂದರೆ ಅಂಗಡಿಗೆ ಬೀಗ ಜಡಿದು ಬ್ಯಾಂಜೋ ಪಾರ್ಟಿಯ ಜೊತೆ ಊರೂರು ಹೊರಡುತ್ತಿದ್ದ. ನಮ್ಮ ಕಡೆ ಬ್ಯಾಂಜೋ ಅಂದರೆ ತಂತಿಗಳ ಮೇಲೆ ಟೈಪ್‌ರೈಟರಿನಂಥ ಗುಂಡಿಗಳಿರುವ ಉದ್ದನೆಯ ಪೆಟ್ಟಿಗೆ. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ತಂತಿ ಮೀಟುತ್ತದೆ. ಅದಕ್ಕೊಂದು ಮೈಕು ಕಟ್ಟಿ, ಹಿಂದೆ ಕೋಲಿನಿಂದ ಬಡಿಯುವ ತಾಶಾ, ಡ್ರಮ್ಮು, ಕೀಬೋರ್ಡು ನಿಲ್ಲಿಸಿದರೆ ಮೆರವಣಿಗೆ ಸಿದ್ಧ. ಕೀಬೋರ್ಡಿನವರು ಅಣ್ಣನ ಜೀವದ ಗೆಳೆಯರು. ಮನೆಯೊಳಗೆ ಉರ್ದು, ಹೊಸ್ತಿಲು ದಾಟಿದರೆ ನಮಗಿಂತ ಗಟ್ಟಿ ಕನ್ನಡ. ನಾನು ಅವರನ್ನು ಭಾಯಿ ಎನ್ನುತ್ತೇನೆ. ಅವರು ನನಗೆ ಮೊದಲು ತಂಗೀ ಎನ್ನುತ್ತಿದ್ದವರು, ನಾನು ಸಾಲಿ ಕಲಿಸಲು ಶುರುಮಾಡಿದ ಮೇಲೆ ಎಷ್ಟು ಹೇಳಿದರೂ ಕೇಳದೆ ಅಕ್ಕೋರ ಎಂದೇ ಕರೆದರು.

ನನ್ನನ್ನು ಅಫಜಲಪುರಕ್ಕೆ ಕೊಟ್ಟಿದ್ದರು. ಹತ್ತೊಂಬತ್ತಕ್ಕೆ ಮದುವೆ, ಇಪ್ಪತ್ತಕ್ಕೆ ಒಂದು ಗಂಡು ಕೂಸು. ಮೂರು ತಿಂಗಳಿದ್ದು, ಎರಡು ದಿನದ ಜ್ವರದಲ್ಲಿ ಹೋಯಿತು. ನಾನು ಅಳಲಿಲ್ಲ. ಯಾಕೆ ಎಂದು ನನಗೂ ತಿಳಿಯಲಿಲ್ಲ. ಕಸ ಹೊಡೆದೆ, ನೀರು ತಂದೆ, ರೊಟ್ಟಿ ಬಡಿದೆ, ಕೇಳಿದ್ದಕ್ಕೆ ಉತ್ತರ ಕೊಟ್ಟೆ. ನಮ್ಮತ್ತೆ ಒಳ್ಳೆಯವರು, ಅವರೇ ಹೆದರಿಬಿಟ್ಟರು. ಈ ಹುಡುಗಿ ಒಮ್ಮೆ ಬಾಯಿ ತೆಗೆದು ಅತ್ತರೆ ಬದುಕುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದು ಓಣಿಯವರ ಮುಂದೆಲ್ಲ ಅಂದು, ತವರಿನಲ್ಲಾದರೂ ಅಳಲಿ ಎಂದು ಆಳಂದಕ್ಕೆ ಕಳಿಸಿದರು. ಅಲ್ಲಿಯೂ ಅಳು ಬರಲಿಲ್ಲ. ಅವ್ವ ನನ್ನನ್ನು ನೋಡಿ ನೋಡಿ ತಾನೇ ಅತ್ತಳು. ಅಣ್ಣ ಮಾತ್ರ ದಿನಾ ಅಂಗಡಿಗೆ ಕರೆದೊಯ್ದು ಒಂದು ಸ್ಟೂಲಿನ ಮೇಲೆ ಕೂಡಿಸುತ್ತಿದ್ದ.

ಆ ದಿನಗಳಲ್ಲೇ ಕ್ಯಾಸೆಟ್ ಬಂತು. ಖಜೂರಿಯಲ್ಲಿ ನಮ್ಮ ಸೋದರಮಾವ ರೋಡಿನ ಮೇಲೆ ಚಹಾದ ಹೋಟೆಲು ಇಟ್ಟಿದ್ದ. ಮುಂಬೈ ಕಡೆಯ ಒಂದು ಲಾರಿ ಎಕ್ಸೆಲ್ ಮುರಿದುಕೊಂಡು ಅವನ ಹೋಟೆಲ್ಲಿನ ಮುಂದೆ ಮೂರು ದಿನ ನಿಂತಿತ್ತು. ಮಾವನನ್ನು ನೋಡಲು ಹೋಗಿದ್ದ ಅಣ್ಣ ಮೂರೂ ಸಂಜೆ ಡ್ರೈವರನಿಗೆ ಬ್ಯಾಂಜೋ ನುಡಿಸಿದ. ಹೋಗುವಾಗ ಡ್ರೈವರ್ ತನ್ನ ಕ್ಯಾಸೆಟ್ಟೊಂದನ್ನು ಅವನ ಜೇಬಿಗೆ ಹಾಕಿ ಹೋದ. ಮೇಲೆ ಚಿತ್ರವಿಲ್ಲ, ಹೆಸರಿಲ್ಲ, ಪೆನ್ಸಿಲ್ಲಿನಲ್ಲಿ ಎ ಮತ್ತು ಬಿ ಎಂದಷ್ಟೇ ಬರೆದಿತ್ತು. ಎ ಕಡೆ ಒಬ್ಬ ಗಿಟಾರ್‌ದವನು, ಬಿ ಕಡೆ ಒಬ್ಬ ಪಿಯಾನೋದವನು, ರಾಕ್ ಅಂಡ್ ರೋಲ್ ಎನ್ನುವುದನ್ನು ಶುರುಮಾಡಿದ ಮೊದಲಿನವರಲ್ಲಿ ಇಬ್ಬರು ಎಂದು ಅವನು ಹೇಳಿದ್ದನಂತೆ. ಹೆಸರು ಅವನಿಗೂ ಗೊತ್ತಿರಲಿಲ್ಲ. ಮುಂದೆ ನಾವೂ ಹುಡುಕಲಿಲ್ಲ. ಮನೆಯವರಿಗೆ ಹೆಸರು ಹಿಡಿದು ಯಾರು ಕರೆಯುತ್ತಾರೆ? ನಮಗೆ ಅವರು ಗಿಟಾರ್‌ದವ, ಪಿಯಾನೋದವ ಎಂದೇ ಉಳಿದರು.

ಅಣ್ಣ ಖಜೂರಿಯಿಂದ ಬಂದ ಮರುದಿನವೇ ನಾನು ಅಫಜಲಪುರಕ್ಕೆ ಹೊರಡಬೇಕಿತ್ತು. ಅಣ್ಣ ಬೆಳಿಗ್ಗೆ ಎ ಸೈಡು ಹಾಕಿ ಕೇಳಿಸಿದ. ಗಿಟಾರು ಒಂದೇ ಮೊದಲು ಝಣ್ಣೆಂದಿತು, ಒಂದು ಉಸಿರಿನಷ್ಟು ಹೊತ್ತು ಅದೊಂದೇ. ಆಮೇಲೆ ಉಳಿದವರೆಲ್ಲ ದಬದಬನೆ ಒಳಗೆ ಬಂದರು. ಅಣ್ಣನ ಮುಖ ನೋಡಬೇಕಿತ್ತು. ದೇವರು ಮೈಮೇಲೆ ಬಂದವರ ಹಾಗೆ ಕೌಂಟರಿನ ಮೇಲೆ ಬೆರಳು ಕುಣಿಸಿದ. ನಿನಗೂ ಒಂದು ಕ್ಯಾಸೆಟ್ ತುಂಬಿಸಿಕೊಡುತ್ತೇನೆ, ಬಸ್ಸಿಗೆ ಇನ್ನೂ ಎರಡು ತಾಸು ಇದೆ ಎಂದ. ಅಂಗಡಿಯಲ್ಲಿ ಎರಡು ಟೇಪ್ ರೆಕಾರ್ಡರ್ ಇದ್ದವು, ಪ್ಲಗ್ಗು ಒಂದೇ. ದೊಡ್ಡದು ಕರೆಂಟಿನ ಮೇಲೆ ತುಂಬಿಸುತ್ತಿತ್ತು, ಚಿಕ್ಕದು ಬ್ಯಾಟರಿ ಶೆಲ್ಲಿನ ಮೇಲೆ ಹಾಡುತ್ತಿತ್ತು. ಗಿರಾಕಿಗಳ ಜೊತೆ ಮಾತಾಡಲು ಅಡ್ಡಿಯಾಗಬಾರದೆಂದು ದನಿ ಪೂರಾ ಇಳಿಸಿ ಬಿಡುವುದು ಅವನ ರೂಢಿ. ಹೀಗೆ ಆ ಕ್ಯಾಸೆಟ್ಟು ಸದ್ದಿಲ್ಲದೆ ತುಂಬಿತು. ಬಿ ಸೈಡನ್ನು ನಾನಾಗಲಿ ಅವನಾಗಲಿ ಕೇಳಿರಲೇ ಇಲ್ಲ.

ಬಿ ಸೈಡನ್ನು ನಾನು ಕೇಳಿದ್ದು ಅಫಜಲಪುರದ ಮನೆಯಲ್ಲಿ, ಎಲ್ಲರೂ ಹೊಲಕ್ಕೆ ಹೋದ ಮಧ್ಯಾಹ್ನ. ಮೊದಲ ಹಾಡು ಸುಮಾರಾಗಿತ್ತು. ಒಂದೊಂದು ಹಾಡು ಮುಗಿದಂತೆಲ್ಲ ಅವನ ದನಿ ಭಾರವಾಗುತ್ತ ಹೋಯಿತು. ಕೊನೆಯ ಹಾಡಿಗೆ ಬರುವ ಹೊತ್ತಿಗೆ ಪಿಯಾನೋದ ಒಂದೊಂದು ಪೆಟ್ಟೂ ನೆಲಕ್ಕೆ ಬಿದ್ದು ಬಿದ್ದು ಏಳುತ್ತಿತ್ತು. ಮಾತು ತಿಳಿಯುತ್ತಿರಲಿಲ್ಲ. ನಡುನಡುವೆ ಅವನೊಂದು ಕೂಗು ಹಾಕುತ್ತಿದ್ದ. ಉದ್ದಕ್ಕೆ, ಎದೆಯ ತಳದಿಂದ ಎದ್ದು ಬರುವ ಕೂಗು. ಸತ್ತವರ ಮನೆಯಲ್ಲಿ ನಮ್ಮ ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರಲ್ಲ, ಥೇಟ್ ಹಾಗೆ. ಇವನೂ ಒಂದು ಕೂಸನ್ನು ಮಣ್ಣು ಮಾಡಿ ಬಂದವನು ಎಂದು ನನಗೆ ಖಾತ್ರಿಯಾಯಿತು. ಮೂರನೆಯ ಕೂಗಿಗೆ ನನ್ನ ಬಾಯಿಂದಲೂ ಕೂಗು ಹೊರಬಿತ್ತು. ನಾನು ಅತ್ತೆ. ಸಂಜೆ ಅತ್ತೆಯವರು ಬಂದು ಬಾಗಿಲಲ್ಲಿ ನಿಂತು ನೋಡಿ, ಸದ್ದು ಮಾಡದೆ ಹಿಂದಕ್ಕೆ ಹೋದರು.

ಅದಾಗಿ ನಾಲ್ಕೈದು ದಿನಕ್ಕೆ ಅಣ್ಣ ಹೇಳದೆ ಕೇಳದೆ ಅಫಜಲಪುರಕ್ಕೆ ಬಂದ. ಬಗಲಲ್ಲಿ ಚೀಲ. ನಾನು ಕಟ್ಟೆಯ ಮೇಲೆ ಕುಳಿತು ಅದೇ ಹಾಡು ಹಾಕಿಕೊಂಡಿದ್ದೆ, ಕಣ್ಣು ಮೂಗು ಒಂದಾಗಿತ್ತು. ಅವನು ಕಂಬಕ್ಕೆ ಒರಗಿ ನಿಂತು ಹಾಡು ಪೂರ್ತಿ ಕೇಳಿದ. ಒಳಗೆ ಹೋಗಿ ಊಟ ಮಾಡಿದ. ಅತ್ತೆಯವರು ಅವನ ಮುಂದೆ, ನಿಮ್ಮ ತಂಗಿ ಕಡೆಗೂ ಅತ್ತಳಪ್ಪ, ಆ ಹಾಡಿನವನ ಹೊಟ್ಟೆ ತಣ್ಣಗಿರಲಿ ಎಂದರು. ಅಣ್ಣ ತಲೆಯಾಡಿಸಿದ. ಸಂಜೆ ಬಸ್ಸಿಗೆ ಹೊರಟುಹೋದ. ಯಾಕೆ ಬಂದಿದ್ದ ಎಂದು ನಾನು ಕೇಳಲೇ ಇಲ್ಲ.

ಮುಂದೆ ದುಃಖಕ್ಕೆ ಚಿಪ್ಪು ಕಟ್ಟಿತು. ನಾನು ಟ್ರೇನಿಂಗ್ ಮುಗಿಸಿ ಸಾಲಿ ಸೇರಿದೆ, ಜೇವರ್ಗಿಗೆ ವರ್ಗವಾಯಿತು, ಮಗಳು ಹುಟ್ಟಿದಳು. ನಾಗರ ಪಂಚಮಿಗೊಮ್ಮೆ ಅಣ್ಣ ಬಂದು ನನ್ನನ್ನು ತವರಿಗೆ ಕರೆದೊಯ್ಯುತ್ತಿದ್ದ. ಉಂಡಿ ತಿನ್ನುವ ಮೊದಲೇ ನಮ್ಮ ಜಗಳ ಶುರುವಾಗುತ್ತಿತ್ತು. ಇಬ್ಬರಲ್ಲಿ ಯಾರು ದೊಡ್ಡವನು? ಯಾರ ಗುರುತು ಈ ಜಗತ್ತಿನಲ್ಲಿ ಹೆಚ್ಚು ಉಳಿದಿದೆ? ನಮಗೆ ಜಗತ್ತೆಂದರೆ ಆಳಂದ, ಅಫಜಲಪುರ, ಜೇವರ್ಗಿ, ಹೆಚ್ಚೆಂದರೆ ಕಲಬುರಗಿ. ಆದರೂ ನಾವು ಹೂಡುತ್ತಿದ್ದ ವಾದಕ್ಕೆ ಸೊಲ್ಲಾಪುರದ ವಕೀಲರು ಬರಬೇಕಿತ್ತು.

ಅಣ್ಣನ ವಾದ ಇದು. ಮೊದಲೆಲ್ಲ ಬ್ಯಾಂಜೋ ಪಾರ್ಟಿಯವರು ಗಾಡಿಯ ಮೇಲೆ ಕುಳಿತು ನುಡಿಸುತ್ತಿದ್ದರು, ಎಲ್ಲರೂ ಒಂದೇ ಸಲ ಶುರುಮಾಡುತ್ತಿದ್ದರು. ಗಿಟಾರ್‌ದವನನ್ನು ಕೇಳಿದ ಮೇಲೆ ಅಣ್ಣ ಬ್ಯಾಂಜೋಕ್ಕೆ ಪಟ್ಟಿ ಕಟ್ಟಿ ಕೊರಳಿಗೆ ಹಾಕಿಕೊಂಡು ಇಳಿದ. ಮೆರವಣಿಗೆಯ ಮುಂದೆ ನಡೆಯುತ್ತ ಮೊದಲು ತಾನೊಬ್ಬನೇ ನುಡಿಸಿ, ಆಮೇಲೆ ತಾಶಾ ಬೀಳುವಂತೆ ಮಾಡಿದ. ಮಾದನಹಿಪ್ಪರಗಾದ ಒಂದು ಮದುವೆಯಲ್ಲಿ ಇದನ್ನು ನೋಡಿದ ಬೇರೆ ಪಾರ್ಟಿಯವರು ಮರುವರ್ಷ ತಾವೂ ಹಾಗೇ ಮಾಡಿದರು. ಹಿರೋಳ್ಳಿಯ ಕಡೆಯವರು ಗಡಿಯಾಚೆಗೂ ಒಯ್ದರು. ಈಗ ತಾಲೂಕಿನ ಯಾವ ಮೆರವಣಿಗೆ ನೋಡಿದರೂ ಬ್ಯಾಂಜೋ ಮುಂದೆ, ಮೊದಲು ಅದೊಂದೇ, ಆಮೇಲೆ ಉಳಿದವರು. ಇದು ಗಿಟಾರ್‌ದವನ ಕೈವಾಡವಲ್ಲದೆ ಮತ್ತೇನು ಎಂದು ಕೇಳುತ್ತಿದ್ದ. ಸಿನಿಮಾ ಹಾಡುಗಳಲ್ಲಿ ಗಿಟಾರು ಎಲ್ಲೆಲ್ಲಿ ಹೀಗೆ ಒಂಟಿಯಾಗಿ ಶುರುವಾಗುತ್ತದೋ ಅಲ್ಲೆಲ್ಲ, ಬಸ್ಸಿನಲ್ಲಿದ್ದರೂ ಸರಿ, ನನ್ನ ಮೊಳಕೈಗೆ ತಿವಿದು ತೋರಿಸುತ್ತಿದ್ದ.

ನನ್ನ ವಾದ ಬೇರೆ. ಗಿಟಾರ್‌ದವನು ಕಾಲಿಗೆ ಕಲಿಸಿದ, ಪಿಯಾನೋದವನು ಎದೆಗೆ. ಮೈಕಿನ ಮುಂದೆ ಗಂಡಸೊಬ್ಬ ನಾಚದೆ ಅಳಬಹುದು ಎಂದು ಮೊದಲು ತೋರಿಸಿದವನು ಅವನೇ. ಅದಾದ ಮೇಲೆ ಆರ್ಕೆಸ್ಟ್ರಾದವರು ದನಿ ಒಡೆದು ಹಾಡಿದ್ದು, ವಿರಹದ ಹಾಡುಗಳಲ್ಲಿ ಪಿಯಾನೋ ಬಂದದ್ದು, ನಮ್ಮ ಓಣಿಯ ಭಜನೆಯಲ್ಲಿ ಹಾರ್ಮೋನಿಯಂ ಪೇಟಿಯ ಮಾಸ್ತರರು ಕೊನೆಯ ಸಾಲಿಗೆ ಮುಂಚೆ ಒಂದು ಗಳಿಗೆ ಕೈ ತಡೆಯುವುದು, ಎಲ್ಲ ಅವನ ಪ್ರಭಾವ. ಭಜನೆಯ ಮಾಸ್ತರರು ಅಮೆರಿಕದವನನ್ನು ಎಲ್ಲಿ ಕೇಳಿದರು ಎಂದು ಅಣ್ಣ ನಗುತ್ತಿದ್ದ. ತಾಶಾದವರು ಕೇಳಿ ಕಲಿತಿದ್ದರೆ ಇವರೂ ಕಲಿತಿರುತ್ತಾರೆ ಎಂದು ನಾನು ಬಿಡುತ್ತಿರಲಿಲ್ಲ. ಈ ಬಗೆಯ ಹಾಡಿನ ಬೇರು ಹತ್ತಿ ಬಿಡಿಸುವ ಕೂಲಿಯವರ ಪದಗಳಲ್ಲಿ, ದೇವರ ಮುಂದಿನ ಹಾಡುಗಳಲ್ಲಿ ಇದೆ ಎಂದು ಎಲ್ಲೋ ಪತ್ರಿಕೆಯಲ್ಲಿ ಓದಿದ ಮೇಲಂತೂ ನನ್ನನ್ನು ಹಿಡಿಯುವವರಿರಲಿಲ್ಲ. ದುಃಖವೇ ಬೇರು, ನಿನ್ನ ಗಿಟಾರು ಬರೀ ಮೇಲಿನ ಗದ್ದಲ ಎಂದು ಅಕ್ಕೋರ ಗತ್ತಿನಲ್ಲಿ ತೀರ್ಪು ಕೊಡುತ್ತಿದ್ದೆ.

ಹಾಗಾದರೆ ನಿನ್ನ ಹತ್ತಿರ ಇರುವ ಅಸಲು ಕ್ಯಾಸೆಟ್ಟಿನ ಬಿ ಸೈಡು ಹಾಕು, ಈಗಲೇ ಇತ್ಯರ್ಥವಾಗಲಿ ಎಂದು ಎಷ್ಟೋ ಸಲ ಅಂದಿದ್ದೇನೆ. ಅಣ್ಣ ಪ್ರತಿ ಸಲ, ಆ ಕಡೆ ಕೈತಪ್ಪಿ ಅಳಿಸಿ ಹಾಳಾಗಿದೆ ಎನ್ನುತ್ತಿದ್ದ. ನಂತರ, ನಿನ್ನವನೇ ದೊಡ್ಡವನಪ್ಪ, ಆಯಿತು, ಉಂಡಿ ತಿನ್ನು ಎಂದು ಸೋಲುತ್ತಿದ್ದ. ನಾನು ಗೆದ್ದೆ ಎಂದು ಉಂಡಿ ತಿನ್ನುತ್ತಿದ್ದೆ. ಪಕ್ಕದಲ್ಲಿ ಕುಳಿತ ಭಾಯಿ ಒಮ್ಮೊಮ್ಮೆ ಬಾಯಿ ತೆರೆದು ಸುಮ್ಮನಾಗುತ್ತಿದ್ದರು. ನನ್ನ ವಾದದ ಮುಂದೆ ಅವರಿಗೂ ಮಾತು ಹೊರಡುತ್ತಿಲ್ಲ ಎಂದುಕೊಳ್ಳುತ್ತಿದ್ದೆ.

ಮಗಳ ಮದುವೆ ಜೇವರ್ಗಿಯಲ್ಲಾಯಿತು. ಮೆರವಣಿಗೆಗೆ ಅಣ್ಣನದೇ ಪಾರ್ಟಿ. ಅವನಿಗೆ ಅರವತ್ತು ದಾಟಿತ್ತು, ಆದರೂ ಬ್ಯಾಂಜೋ ಕೊರಳಿಗೆ ಹಾಕಿ ಹುಡುಗರಿಗಿಂತ ಮುಂದೆ ನಡೆದ. ಮಂಟಪದ ಹತ್ತಿರ ಬಂದಾಗ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ನಾನು ಬೀಗಿತಿಯರ ಜೊತೆ ಆರತಿ ಹಿಡಿದು ನಿಂತಿದ್ದೆ. ನನ್ನ ಕಡೆ ನೋಡಿ ನಕ್ಕು, ಹೊಸದೊಂದು ಶುರುಮಾಡಿದ. ಭಾರೀ ಜೋರಿನ ಹಾಡು. ತಾಶಾ ಬಿದ್ದದ್ದೇ ತಡ, ಬೀಗರ ಕಡೆಯವರು, ನಮ್ಮ ಸಾಲಿಯ ಮಾಸ್ತರರು, ಕಡೆಗೆ ನಮ್ಮ ಮನೆಯವರೂ ಕೈ ಮೇಲೆತ್ತಿ ಕುಣಿದರು. ಮೂರನೆಯ ಸಾಲಿಗೆ ನನಗೆ ಗುರುತು ಸಿಕ್ಕಿತು. ನನ್ನ ಹಾಡು. ಅಫಜಲಪುರದ ಮಧ್ಯಾಹ್ನದ ಹಾಡು. ಅದನ್ನು ದುಪ್ಪಟ್ಟು ವೇಗದಲ್ಲಿ ಓಡಿಸಿ, ಆ ಅಳುವ ಕೂಗಿನ ಜಾಗದಲ್ಲಿ ಪಾರ್ಟಿಯವರೆಲ್ಲ ಹೋ ಎಂದು ಕೇಕೆ ಹೊಡೆಯುತ್ತಿದ್ದರು.

ಆರತಿ ತಟ್ಟೆ ಯಾರ ಕೈಗೆ ಕೊಟ್ಟೆನೋ ನೆನಪಿಲ್ಲ. ಕುಣಿಯುವವರನ್ನು ಸರಿಸಿಕೊಂಡು ಹೋಗಿ ಬ್ಯಾಂಜೋದ ಗುಂಡಿಗಳ ಮೇಲೆ ಅಂಗೈ ಊರಿದೆ. ಮೈಕಿನಲ್ಲಿ ಕಿರ್ರೆಂದು ಸದ್ದು ಬಂದು ಎಲ್ಲ ನಿಂತಿತು.

‘ನನ್ನ ಕೂಸಿನ ಹಾಡಿಗಿ ಮಂದೀನ ಕುಣಸ್ತಿ ಏನು? ನಿನ್ನ ಎದಿಯಾಗ ಏನೂ ಇಲ್ಲ ಬಿಡು. ಅದಕ್ಕ ನಿನಗ ಆ ಹಾಡು ಹೊಂದಲೇ ಇಲ್ಲ.’

ಮೈಕು ಚಾಲೂ ಇತ್ತು. ಇಡೀ ಬೀದಿ ಕೇಳಿತು. ಭಾಯಿ ಮುಂದೆ ಬಂದು ಅಕ್ಕೋರ ಎಂದರು. ಅಣ್ಣ ಅವರ ಮುಂಗೈ ಹಿಡಿದು ತಡೆದ. ಕೊರಳಿನ ಪಟ್ಟಿ ಬಿಚ್ಚಿದ. ಬ್ಯಾಂಜೋ ಪೆಟ್ಟಿಗೆಗೆ ಹಾಕಿದ. ಅಕ್ಷತೆಯ ಹೊತ್ತಿಗೆ ಹಿಂದೆ ನಿಂತು ಅಕ್ಷತೆ ಹಾಕಿ, ಊಟ ಮಾಡದೆ ಹೋದ. ಸೋದರಮಾವ ಉಣ್ಣದೆ ಹೋದ ಮದುವೆ ಎಂದು ಬೀಗರು ಇವತ್ತಿಗೂ ಆಡಿಕೊಳ್ಳುತ್ತಾರೆ. ಮಗಳು ನನ್ನನ್ನು ತಬ್ಬಿಕೊಂಡು ಗಂಡನ ಮನೆಗೆ ಹೋಗುವಾಗ ಕಿವಿಯಲ್ಲಿ, ಮಾಮಾಗ ಫೋನ್ ಮಾಡು ಎಂದಷ್ಟೇ ಅಂದಳು. ನಾನು ಮಾಡಲಿಲ್ಲ.

ಆ ವರ್ಷ ಪಂಚಮಿಗೆ ಎರಡು ದಿನ ಇರುವಾಗ ಅಣ್ಣ ಎಂದಿನಂತೆ ಕರೆಯಲು ಬಂದ. ನಾನು ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ಜ್ವರ ಬಂದು ಮಲಗಿದ್ದಾಳೆ ಎಂದು ಹೇಳಲು ನಮ್ಮ ಮನೆಯವರಿಗೆ ಹೇಳಿದೆ. ಅವರಿಗೆ ಸುಳ್ಳು ಹೇಳಲು ಬರುವುದಿಲ್ಲ, ತಡವರಿಸಿ ಹೇಳಿದರು. ಅಣ್ಣ ಚಹಾ ಕುಡಿದು, ತಂದಿದ್ದ ಉಂಡಿಯ ಡಬ್ಬಿ, ಕುಪ್ಪಸದ ಖಣ ಇಟ್ಟು ಹೋದ. ಮರುವರ್ಷದ ಪಂಚಮಿಗೆ ಅವನಿಗೆ ಬಸ್ಸು ಹತ್ತುವ ಶಕ್ತಿ ಇರಲಿಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಎರಡು ಸಲ ಫೋನ್ ಮಾಡಿದಳು. ಅವನೇ ಮಾತಾಡಲಿ ಎಂದು ನಾನು ಎತ್ತಲಿಲ್ಲ. ಇದನ್ನೆಲ್ಲ ಬರೆಯುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಆಗ ಮಾತ್ರ ನನಗೆ ನಾನೇ ಸರಿ ಕಂಡಿದ್ದೆ.

ಚಳಿಗಾಲದ ಒಂದು ಬೆಳಿಗ್ಗೆ ಮೂರನೆಯ ಫೋನ್ ಬಂತು. ಅದನ್ನು ನಮ್ಮ ಮನೆಯವರು ಎತ್ತಿದರು.

ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದಕ್ಕೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಅಣ್ಣನನ್ನು ವಿಭೂತಿ ಹಚ್ಚಿ, ಹೂವು ಹಾಕಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ನಮ್ಮಲ್ಲಿ ಸತ್ತವರು ಕುಳಿತೇ ಹೋಗುತ್ತಾರೆ. ಎದುರಿಗೆ ಕುಳಿತು ಮಾತಾಡಿದರೆ ಕೇಳಿಸಿಕೊಳ್ಳುತ್ತಾರೆ ಅನ್ನುವ ಹಾಗೆ ಇರುತ್ತದೆ. ನಾನು ಎದುರಿಗೆ ಕುಳಿತೆ. ಅವನ ಬಲಗೈ ಬೆರಳುಗಳನ್ನು ಹಿಡಿದುಕೊಂಡೆ. ಮೀಟಿ ಮೀಟಿ ಗಂಟು ಕಟ್ಟಿದ ಬೆರಳುಗಳು ಹಾಗೇ ಇದ್ದವು.

ಮಣ್ಣಿಗೆ ಹೊರಟಾಗ ಪಾರ್ಟಿಯವರು ಮುಂದೆ ನಿಂತರು. ಗಿಟಾರ್‌ದವನ ಹಾಡೇ ಬರುತ್ತದೆ ಎಂದುಕೊಂಡಿದ್ದೆ. ಭಾಯಿ ಗಾಡಿಯ ಮೇಲಿನ ಕೀಬೋರ್ಡಿನ ಮುಂದೆ ಕುಳಿತು ಶುರುಮಾಡಿದ್ದು ನನ್ನ ಹಾಡು. ನಿಧಾನ, ಭಾರ, ಒಂದೊಂದು ಸ್ವರವೂ ನೆಲಕ್ಕೆ ಬಿದ್ದು ಏಳುವಂತೆ. ಅಫಜಲಪುರದ ಮಧ್ಯಾಹ್ನದಲ್ಲಿ ಹೇಗಿತ್ತೋ ಹಾಗೇ. ತಾಶಾದವರು ಮುಟ್ಟಿಯೂ ಮುಟ್ಟದ ಹಾಗೆ ಬಡಿಯುತ್ತಿದ್ದರು. ನಾನು ಬಾಯಿ ಬಿಟ್ಟು ಅತ್ತೆ. ಮತ್ತೆ ಆ ಅಳುವಿನ ನಡುವೆಯೇ ಒಂದು ಸಣ್ಣ ಸಮಾಧಾನ ಬಂದು ಹೋಯಿತು. ಕಡೆಗೂ ಅಣ್ಣ ಒಪ್ಪಿಕೊಂಡ, ಕುಣಿಸಿದ್ದು ತಪ್ಪು ಎಂದು ಅವನಿಗೆ ತಿಳಿದಿತ್ತು, ಸಾಯುವ ಮುಂಚೆ ತಿದ್ದಿಕೊಂಡ ಅಂದುಕೊಂಡೆ. ಅಣ್ಣನ ಹೆಣದ ಹಿಂದೆ ನಡೆಯುತ್ತ ನಾನು ಗೆದ್ದಿದ್ದೆ. ಈ ಮಾತನ್ನು ಇಲ್ಲಿ ತನಕ ಯಾರ ಮುಂದೆಯೂ ಹೇಳಿರಲಿಲ್ಲ.

ಈ ಸಲದ ಪಂಚಮಿಗೆ ಕರೆಯಲು ಯಾರೂ ಬರಲಿಲ್ಲ. ನಾನೇ ಹೋದೆ. ವೈನಿ ಉಂಡಿ ಕಟ್ಟಿರಲಿಲ್ಲ, ವರ್ಷ ತುಂಬಿರಲಿಲ್ಲವಲ್ಲ. ಇಬ್ಬರೂ ಬರೀ ಅನ್ನ ಸಾರು ಉಂಡೆವು. ಅಣ್ಣನ ಅಂಗಡಿ ಇದ್ದ ಜಾಗದಲ್ಲಿ ಈಗ ಭಾಯಿ ಮಿಕ್ಸರು, ಸ್ಪೀಕರು ರಿಪೇರಿ ಮಾಡುತ್ತಾರೆ. ಅಸಲು ಕ್ಯಾಸೆಟ್ಟು ಅಣ್ಣನ ನೆನಪಿಗೆ ಬೇಕು ಎಂದು ಕೇಳಲು ಅಲ್ಲಿಗೆ ಹೋದೆ. ಅವರು ಒಂದು ತಗಡಿನ ಡಬ್ಬಿಯಿಂದ ತೆಗೆದರು. ಪೆನ್ಸಿಲ್ಲಿನ ಎ, ಬಿ ಇನ್ನೂ ಕಾಣುತ್ತಿದ್ದವು. ಬಿ ಸೈಡು ಹಾಳಾಗಿದೆಯಲ್ಲ, ಪಾಪ ಎಂದೆ. ಭಾಯಿ ಕೊಡಲೆಂದು ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಟೇಪನ್ನು ಮೆಷಿನ್ನಿಗೆ ಹಾಕಿ ಗುಂಡಿ ಒತ್ತಿದರು.

ಹಾಳಾಗಿರಲಿಲ್ಲ. ಒಬ್ಬ ಹುಡುಗ, ಹೌದು, ಹುಡುಗನ ದನಿ, ಖುಷಿ ಉಕ್ಕಿ ಚೆಲ್ಲುವ ಹಾಗೆ ಹಾಡುತ್ತಿದ್ದ. ಪಿಯಾನೋ ಓಡುತ್ತಿತ್ತು. ಆ ಕೂಗು ಬಂತು. ಅದು ಅಳುವಾಗಿರಲಿಲ್ಲ, ಕೇಕೆಯಾಗಿತ್ತು. ಮಗಳ ಮೆರವಣಿಗೆಯಲ್ಲಿ ಪಾರ್ಟಿಯವರು ಹೊಡೆದರಲ್ಲ, ಅದೇ ಕೇಕೆ, ಅದೇ ಜಾಗದಲ್ಲಿ, ಅದೇ ವೇಗದಲ್ಲಿ.

ನಿಮ್ಮ ಮೆಷಿನ್ನು ಜೋರಾಗಿ ಓಡುತ್ತಿದೆ ಎಂದೆ. ಭಾಯಿ ಡಬ್ಬಿಯಿಂದ ಇನ್ನೊಂದು ಕ್ಯಾಸೆಟ್ ತೆಗೆದು ಹಾಕಿದರು. ಅದರಲ್ಲಿ ನಮ್ಮವ್ವನ ಬೀಸುವ ಪದ ಇತ್ತು, ಅಣ್ಣ ಎಂದೋ ತುಂಬಿಸಿ ಇಟ್ಟದ್ದು. ಅವ್ವನ ದನಿ ಅವ್ವನ ದನಿಯಾಗಿಯೇ ಇತ್ತು. ಒಂದು ಎಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಭಾಯಿ ಹೇಳಿದ್ದು ಇಷ್ಟು. ನನಗೆ ಕ್ಯಾಸೆಟ್ ತುಂಬಿಸಿದ ದಿನ ಚಿಕ್ಕ ಟೇಪಿನ ಶೆಲ್ಲುಗಳು ಮುಗಿಯಲು ಬಂದಿದ್ದವು. ಎ ಸೈಡಿಗೆ ಹೇಗೋ ಎಳೆದವು, ಬಿ ಸೈಡಿಗೆ ಬರುವಾಗ ಸೋಲತೊಡಗಿದವು, ಕೊನೆಯ ಹಾಡಿಗೆ ಉಸಿರು ಕಟ್ಟಿದ್ದವು. ಆ ಟೇಪು ನಿಧಾನವಾಗಿ ಹಾಡಿದ್ದನ್ನು ಕರೆಂಟಿನ ಮೆಷಿನ್ನು ಹಾಗೇ ಹಿಡಿದುಕೊಂಡಿತು. ಎರಡು ದಿನದ ಮೇಲೆ ಅಸಲಿನ ಬಿ ಸೈಡು ಕೇಳಿದ ಅಣ್ಣನಿಗೆ ಕಡೆಯಲ್ಲಿ ಶೆಲ್ಲು ಸತ್ತದ್ದು ನೆನಪಾಗಿ, ತಂಗಿಯ ಕೈಗೆ ಹಾಳು ಕ್ಯಾಸೆಟ್ ಕೊಟ್ಟೆನಲ್ಲ ಎಂದು ನಾಚಿಕೆಯಾಯಿತಂತೆ. ಹೊಸದೊಂದನ್ನು ಸರಿಯಾಗಿ ತುಂಬಿಸಿ, ಚೀಲದಲ್ಲಿಟ್ಟುಕೊಂಡು, ಬದಲಿಸಿ ಕೊಡಲೆಂದೇ ಅಫಜಲಪುರಕ್ಕೆ ಬಂದ. ಬಂದು ನೋಡಿದರೆ ನಾನು ಅಳುತ್ತಿದ್ದೆ. ಚೀಲದಿಂದ ತೆಗೆಯಲಿಲ್ಲ. ಹಾಗೇ ವಾಪಸು ತಂದ. ಇದನ್ನು ಯಾವತ್ತೂ ಅವಳಿಗೆ ಹೇಳಕೂಡದು ಎಂದು ಭಾಯಿಯ ಕೈಯಲ್ಲಿ ಆಣೆ ಹಾಕಿಸಿಕೊಂಡ. ನಾನು ಕೂಸಿಗಾಗಿ ಅತ್ತ ಹಾಡು ಕುಣಿಯುವ ಹಾಡು ಎಂದು ತಿಳಿದರೆ, ಆ ಅಳುವೇ ನನಗೆ ಸುಳ್ಳಾಗಿಬಿಡುತ್ತದೆ ಎಂದು ಅವನ ಹೆದರಿಕೆ.

ಅಂದರೆ ಅಷ್ಟು ವರ್ಷವೂ ಆ ಬಿ ಸೈಡನ್ನು ಒಂದು ನಿಮಿಷ ಹಾಕಿದ್ದರೆ ಅಣ್ಣ ಗೆಲ್ಲುತ್ತಿದ್ದ. ಹಾಕಲಿಲ್ಲ. ನನ್ನ ಭಜನೆ ಮಾಸ್ತರರ ಕಥೆ, ಎದೆಗೆ ಕಲಿಸಿದವನ ಕಥೆ, ಎಲ್ಲ ಕೇಳಿ ಸೋತ. ಪಿಯಾನೋದವನು ಲೋಕವನ್ನೆಲ್ಲ ಕುಣಿಸಿದವನಂತೆ. ಅವನ ಹಾಡು ಕೇಳಿ ಅತ್ತವಳು ಬಹುಶಃ ನಾನೊಬ್ಬಳೇ. ಅದೂ ಅವನ ಪ್ರಭಾವವಲ್ಲ, ನಾಲ್ಕು ಸತ್ತ ಶೆಲ್ಲಿನದು, ಒಬ್ಬ ಅಣ್ಣ ಬಾಯಿ ಮುಚ್ಚಿಕೊಂಡಿದ್ದುದರದು.

ಮತ್ತೆ ಮದುವೆಯಲ್ಲಿ ಯಾಕೆ ನುಡಿಸಿದ ಎಂದು ಕೇಳಿದೆ. ನನಗೆ ಉತ್ತರ ಬೇಡವಾಗಿತ್ತು, ಆದರೂ ಕೇಳಿದೆ.

‘ಮಗಳ ಮದವಿ ಓಡಾಟದಾಗ ನೀವು ನಗಾಕತ್ತಿದ್ರಿ ಅಕ್ಕೋರ. ಅದನ್ನ ನೋಡಿ ಅಂದ, ಈಗ ಆಕಿ ಎದಿ ಗಟ್ಟಿ ಆಗ್ಯಾದ, ಖರೆ ಹಾಡು ತಡಕೋತಾಳ ಅಂತ. ನಿಮಗಂತಲೇ ನುಡಿಸಿದ್ದು.’

ನಾನು ಮೈಕಿನಲ್ಲಿ ಆಡಿದ ಮಾತು ನನ್ನ ಕಿವಿಗೆ ಈಗ ಕೇಳಿಸಿತು. ಮಣ್ಣಿನ ದಿನ ನಿಧಾನವಾಗಿ ನುಡಿಸಿದ್ದರ ಬಗ್ಗೆ ಭಾಯಿ ತಾವೇ ಹೇಳಿದರು. ಹಾಸಿಗೆ ಹಿಡಿದ ಮೇಲೆ ಅಣ್ಣ ಪಾರ್ಟಿಯವರನ್ನು ಮನೆಗೆ ಕರೆಸಿ ಅಭ್ಯಾಸ ಮಾಡಿಸಿದನಂತೆ. ಬ್ಯಾಂಜೋದ ಮೇಲೆ ಅಷ್ಟು ನಿಧಾನ ಬರುವುದಿಲ್ಲ, ಮೀಟಿದ ದನಿ ಬೇಗ ಸಾಯುತ್ತದೆ. ಜೀವನವಿಡೀ ನುಡಿಸಿದ ವಾದ್ಯವನ್ನು ತನ್ನ ಮೆರವಣಿಗೆಯಿಂದ ತಾನೇ ತೆಗೆಸಿ, ಕೀಬೋರ್ಡಿಗೆ ಹಾಡು ಒಪ್ಪಿಸಿದ. ಮಂಚದ ಪಟ್ಟಿಯ ಮೇಲೆ ಬೆರಳು ಬಡಿದು, ಇನ್ನೂ ಸಾವಕಾಶ, ಇನ್ನೂ ಸಾವಕಾಶ, ಅವಳಿಗೆ ತನ್ನ ಹಾಡು ಗುರುತು ಸಿಗಬೇಕು ಎನ್ನುತ್ತಿದ್ದ.

ನಾನು ಸೆರಗಿನಿಂದ ಮುಖ ಒರೆಸಿಕೊಂಡು, ತಪ್ಪು ನನ್ನದು ಭಾಯಿ, ಅಣ್ಣ ನುಡಿಸಿದ್ದೇ ಖರೆ ಎಂದೆ. ಅವರು ಸಮಾಧಾನದ ಮಾತು ಆಡಬಹುದಿತ್ತು. ಅವರೂ ಗೆಳೆಯನನ್ನು ಕಳೆದುಕೊಂಡವರು, ಆಡಲಿಲ್ಲ.

‘ಇದನ್ನ ಅವನ ಮುಂದ ಹೇಳಬೇಕಿತ್ರಿ. ಪಂಚಮಿಗಿ ನಿಮ್ಮನಿಗಿ ಬಂದಿದ್ನಲ್ಲ, ಅವತ್ತು ವಾಪಸ್ ಬಂದು ಇಲ್ಲೇ ಕುಂತು ಹೇಳಿದ. ಆಕಿ ಮಲಗಿದ್ದಿಲ್ಲೋ ಮಾರಾಯ, ಒಳಗ ರೊಟ್ಟಿ ಬಡಿಯಾಕತ್ತಿದ್ಲು. ಆ ಸಪ್ಪಳ ನಮ್ಮ ತಂಗೀದೇ, ನನಗ ಗೊತ್ತಾಗಂಗಿಲ್ಲೇನು ಅಂದ. ಅದನ್ನ ಕೇಳ್ಕೋತ ಎರಡು ಕಪ್ಪು ಚಾ ಕುಡದೆ ಅಂದ.’

ಎರಡನೆಯ ಕಪ್ಪು ಚಹಾ ಅವನು ಕೇಳಿ ಹಾಕಿಸಿಕೊಂಡಿದ್ದು ನನಗೆ ನೆನಪಿದೆ. ಅವನು ಎಂದೂ ಹಾಗೆ ಕೇಳುವವನಲ್ಲ. ಇನ್ನೂ ಎಷ್ಟು ಹೊತ್ತು ಕೂಡುತ್ತಾನೋ ಎಂದು ಒಳಗೆ ಸಿಟ್ಟಿನಿಂದ ರೊಟ್ಟಿಯನ್ನು ಇನ್ನೂ ಜೋರಾಗಿ ಬಡಿದಿದ್ದೆ. ಹೊರಡುವಾಗ ಅವನು ನಮ್ಮ ಮನೆಯವರಿಗೆ, ಜ್ವರ ಇಳಿದ ಮೇಲೆ ತಾನೇ ಬರಲಿ, ಅವಸರ ಇಲ್ಲ ಎಂದು ಹೇಳಿದ. ಒಳಗೆ ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ. ನಾನು ಹೋಗಲಿಲ್ಲ.